ಇಲಿಯ ಬಿಪಿ ಏರಿಸಿದ ಹಾರ್ಮೋನ್ ಯಾವುದು? ಪತ್ತೆ ಮಾಡುವ ಕ್ರಮ

ಲ್ಯಾಬಿಗೆ ಹೊಸದಾಗಿ ಬಂದ ವಿದ್ಯಾರ್ಥಿಗಳು ನನ್ನನ್ನು ಮೊದಲು ಕೇಳುವುದು ಡೋಸ್. "ಮೇಡಂ, ಇಲಿಗೆ ಬಿಪಿ ಬರಿಸೋಕೆ ಯಾವ ಹಾರ್ಮೋನ್ ಕೊಡ್ಬೇಕು? ಎಷ್ಟು ಕೊಡ್ಬೇಕು?" ನಾನು ತಿರುಗಿ ಕೇಳುವುದು ಬೇರೆಯೇ. ಇಲಿ ದಿನಕ್ಕೆ ಎಷ್ಟು ಉಪ್ಪು ತಿನ್ನುತ್ತೆ? ಅದರ ಎರಡೂ ಕಿಡ್ನಿ ಹಾಗೇ ಇದೆಯಾ? ಬಿಪಿ ನೋಡೋರು ಯಾರು, ಯಾವ ಹೊತ್ತಿನಲ್ಲಿ? ಈ ಮೂರಕ್ಕೆ ಉತ್ತರ ಇಲ್ಲದೆ ಡೋಸ್ ಬರೆದುಕೊಂಡು ಹೋದರೆ ಪ್ರಯೋಜನವಿಲ್ಲ.

ಕಾರಣ ಇಷ್ಟೇ. ಹಾರ್ಮೋನ್ ಒಂದರಿಂದಲೇ ಬಿಪಿ ತುಂಬಾ ದಿನ ಮೇಲೆ ನಿಲ್ಲುವುದು ಕಷ್ಟ. ಒತ್ತಡ ಏರಿದಾಗ ಚೆನ್ನಾಗಿರುವ ಕಿಡ್ನಿ ಸುಮ್ಮನಿರುವುದಿಲ್ಲ. ಜಾಸ್ತಿ ಉಪ್ಪು, ಜಾಸ್ತಿ ನೀರು ಹೊರಗೆ ಹಾಕುತ್ತದೆ. ರಕ್ತದ ಪ್ರಮಾಣ ತಗ್ಗುತ್ತದೆ, ಒತ್ತಡವೂ ಇಳಿಯುತ್ತದೆ. ಶರೀರಶಾಸ್ತ್ರಜ್ಞ ಆರ್ಥರ್ ಗೈಟನ್ ಮತ್ತೆ ಮತ್ತೆ ತೋರಿಸಿದ್ದು ಇದನ್ನೇ. ಹಾಗಾಗಿ ಯಾವ ಹಾರ್ಮೋನಿನ ಮೇಲೆ ಅನುಮಾನ ಬಂದರೂ ಕೇಳಬೇಕಾದ ಪ್ರಶ್ನೆ ಒಂದೇ: ಕಿಡ್ನಿ ಉಪ್ಪನ್ನು ಹೊರಹಾಕುವುದನ್ನು ಇದು ಹೇಗೆ ತಡೆಯಿತು? ಈ ಬರಹದಲ್ಲಿ ಮುಂದೆ ಬರುವುದೆಲ್ಲ ಆ ಪ್ರಶ್ನೆಗೆ ಪ್ರಾಣಿಯಿಂದಲೇ ಉತ್ತರ ಪಡೆಯುವ ದಾರಿಗಳು. ಇಲ್ಲಿ ಇಲಿ ಅಂದರೆ ರ‍್ಯಾಟ್. ಮೌಸ್ ಬಗ್ಗೆ ಹೇಳುವಾಗ ಮೌಸ್ ಅಂತಲೇ ಬರೆಯುತ್ತೇನೆ, ಏಕೆಂದರೆ ಎರಡರ ನಡವಳಿಕೆ ಒಂದೇ ಅಲ್ಲ.

ಮೊದಲು ಪ್ರಶ್ನೆಯನ್ನು ಎರಡಾಗಿ ಒಡೆಯಿರಿ

"ಈ ಹಾರ್ಮೋನ್ ಬಿಪಿ ಏರಿಸಬಲ್ಲದೇ?" ಇದು ಒಂದು ಪ್ರಶ್ನೆ. "ಈ ಪ್ರಾಣಿಯ ಬಿಪಿ ಏರಿರುವುದು ಈ ಹಾರ್ಮೋನಿನಿಂದಲೇ?" ಇದು ಇನ್ನೊಂದು. ಮೊದಲನೆಯದಕ್ಕೆ ಹಾರ್ಮೋನ್ ಕೊಟ್ಟು ನೋಡಿದರೆ ಸಾಕು. ಎರಡನೆಯದಕ್ಕೆ ಅದನ್ನು ತೆಗೆದು ಅಥವಾ ತಡೆದು ನೋಡಲೇಬೇಕು. ಎಷ್ಟೋ ವರದಿಗಳು ಮೊದಲನೆಯದನ್ನು ಮಾಡಿ ಎರಡನೆಯದಕ್ಕೆ ಉತ್ತರ ಸಿಕ್ಕಿತು ಅಂತ ಬರೆದುಬಿಡುತ್ತವೆ. ಓದುವಾಗ ನನಗೆ ನಿಜವಾಗಿ ಬೇಸರವಾಗುವುದು ಇಲ್ಲೇ.

ಹಳೆಯ ಪ್ರಯೋಗಗಳನ್ನೇ ನೋಡಿ. 1894ರ ಹೊತ್ತಿಗೆ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ರಸವನ್ನು ಪ್ರಾಣಿಗಳ ರಕ್ತನಾಳಕ್ಕೆ ಕೊಟ್ಟರು. ಒತ್ತಡ ಒಮ್ಮೆಲೇ ಮೇಲಕ್ಕೆ ಹೋಯಿತು, ಕೆಲವೇ ನಿಮಿಷದಲ್ಲಿ ಇಳಿಯಿತು. ಅಡ್ರಿನಲಿನ್ ಬಿಪಿ ಏರಿಸಬಲ್ಲದು ಅನ್ನುವುದು ಅಲ್ಲಿಗೆ ಖಚಿತವಾಯಿತು. ತಿಂಗಳುಗಟ್ಟಲೆ ನಿಲ್ಲುವ ಬಿಪಿಗೆ ಅದೇ ಕಾರಣ ಅನ್ನುವುದು ಖಚಿತವಾಗಲಿಲ್ಲ. 1898ರಲ್ಲಿ ರಾಬರ್ಟ್ ಟೀಗರ್‌ಸ್ಟೆಡ್ ಮತ್ತು ಪೇರ್ ಬರ್ಗ್‌ಮನ್ ಮೊಲದ ಕಿಡ್ನಿಯ ರಸವನ್ನು ಇನ್ನೊಂದು ಮೊಲಕ್ಕೆ ಕೊಟ್ಟು, ಒತ್ತಡ ಏರಿಸುವ ಆ ವಸ್ತುವಿಗೆ ರೆನಿನ್ ಅಂತ ಹೆಸರಿಟ್ಟರು. ಆಮೇಲೆ ಬಹಳ ಕಾಲ ಅದನ್ನು ಯಾರೂ ಗಟ್ಟಿಯಾಗಿ ಕೈಗೆತ್ತಿಕೊಳ್ಳಲಿಲ್ಲ.

ದಾರಿ ಬದಲಾದದ್ದು 1934ರಲ್ಲಿ. ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿಗೆ ಹೋಗುವ ರಕ್ತನಾಳಕ್ಕೆ ಬೆಳ್ಳಿಯ ಕ್ಲ್ಯಾಂಪ್ ಹಾಕಿ ಸ್ವಲ್ಪ ಬಿಗಿ ಮಾಡಿದರು. ಬಿಪಿ ಏರಿತು, ಏರಿದ್ದು ನಿಂತಿತು. ಹೊರಗಿನಿಂದ ಏನನ್ನೂ ಚುಚ್ಚಿರಲಿಲ್ಲ. ಪ್ರಾಣಿಯ ಸ್ವಂತ ಕಿಡ್ನಿಯೇ ರಕ್ತಕ್ಕೆ ಏನನ್ನೋ ಬಿಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಬ್ರೌನ್ ಮೆನೆಂಡೆಸ್ ಅವರ ತಂಡ, ಅಮೆರಿಕದಲ್ಲಿ ಇರ್ವಿನ್ ಪೇಜ್ ಅವರ ತಂಡ, ಇಬ್ಬರೂ ಬೇರೆ ಬೇರೆಯಾಗಿ ಉತ್ತರ ಹಿಡಿದರು: ಕಿಡ್ನಿ ಬಿಡುವುದು ರೆನಿನ್, ಅದು ರಕ್ತದಲ್ಲಿ ಇನ್ನೊಂದು ವಸ್ತುವನ್ನು ಹುಟ್ಟಿಸುತ್ತದೆ, ಒತ್ತಡ ಏರಿಸುವುದು ಆ ವಸ್ತು. ಅದೇ ಇವತ್ತಿನ ಆಂಜಿಯೋಟೆನ್ಸಿನ್.

ಮಾಡೆಲ್ ಆರಿಸುವುದು

ಮಾಡೆಲ್ ಅಂದರೆ ಪ್ರಯೋಗಕ್ಕಾಗಿ ಬಿಪಿ ಬರಿಸಿದ ಪ್ರಾಣಿ. ಎಲ್ಲರೂ ಎಡವುವುದು ಇಲ್ಲಿ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಲ್ಡೋಸ್ಟಿರೋನ್ ಅಂದರೆ ಕಿಡ್ನಿ ಉಪ್ಪನ್ನು ಹಿಡಿದಿಡುವಂತೆ ಮಾಡುವ ಅಡ್ರಿನಲ್ ಹಾರ್ಮೋನ್. ಆ ತರಹದ ಹಾರ್ಮೋನ್ ನೋಡಬೇಕಾದರೆ ಡೋಕಾ-ಉಪ್ಪು ಮಾಡೆಲ್ ಇದೆ. ಇದರ ಬೇರು 1940ರ ದಶಕದಲ್ಲಿ ಹಾನ್ಸ್ ಸೆಲ್ಯೆ ಮಾಡಿದ ಕೆಲಸದಲ್ಲಿದೆ. ಡೋಕಾ ಅಂದರೆ ಡಿಆಕ್ಸಿಕಾರ್ಟಿಕೋಸ್ಟಿರೋನ್ ಅಸಿಟೇಟ್, ಅಲ್ಡೋಸ್ಟಿರೋನಿನಂತೆಯೇ ಕೆಲಸ ಮಾಡುವ ಹಾರ್ಮೋನ್. ಸಾಮಾನ್ಯವಾಗಿ ಮಾಡುವುದು ಹೀಗೆ: ಇಲಿಯ ಒಂದು ಕಿಡ್ನಿ ತೆಗೆಯುತ್ತಾರೆ, ಚರ್ಮದ ಕೆಳಗೆ ಡೋಕಾ ಕೊಡುತ್ತಾರೆ, ಕುಡಿಯುವ ನೀರಿಗೆ 1% ಉಪ್ಪು ಹಾಕುತ್ತಾರೆ. ಪೊಟ್ಯಾಸಿಯಂ ತುಂಬಾ ಇಳಿಯದಿರಲಿ ಅಂತ ಹಲವರು 0.2% ಪೊಟ್ಯಾಸಿಯಂ ಕ್ಲೋರೈಡನ್ನೂ ಸೇರಿಸುತ್ತಾರೆ. ಮೂರು ನಾಲ್ಕು ವಾರದಲ್ಲಿ ಬಿಪಿ ಚೆನ್ನಾಗಿ ಏರಿರುತ್ತದೆ. ಈಗ ಉಪ್ಪು ತೆಗೆದುಬಿಡಿ, ಬರೀ ನೀರು ಕೊಡಿ. ಅದೇ ಡೋಕಾ, ಆದರೂ ಬಿಪಿ ಅಷ್ಟು ಏರುವುದಿಲ್ಲ. ಎರಡೂ ಕಿಡ್ನಿ ಬಿಡಿ, ಏರುವುದು ನಿಧಾನವಾಗುತ್ತದೆ. ಶುರುವಿನಲ್ಲಿ ಉಪ್ಪು ಮತ್ತು ಕಿಡ್ನಿಯ ಲೆಕ್ಕ ಕೇಳಿದ್ದು ಇದಕ್ಕೇ.

ಈ ಇಲಿಗಳ ರಕ್ತದಲ್ಲಿ ರೆನಿನ್ ತುಂಬಾ ಕಡಿಮೆ ಇರುತ್ತದೆ. ಮೈ ತುಂಬಾ ಉಪ್ಪು ಇದ್ದಾಗ ಕಿಡ್ನಿ ರೆನಿನ್ ಬಿಡುವುದನ್ನು ನಿಲ್ಲಿಸುತ್ತದೆ. ಅದಕ್ಕೆ ರೆನಿನ್ ದಾರಿಯನ್ನು ತಡೆಯುವ ಔಷಧಿಯನ್ನು ಪರೀಕ್ಷಿಸಲು ಡೋಕಾ ಇಲಿ ತಂದರೆ ನಿರಾಸೆಯೇ ಸರಿ.

ರೆನಿನ್ ದಾರಿಯೇ ಬೇಕಿದ್ದರೆ ಗೋಲ್ಡ್‌ಬ್ಲಾಟ್ ತೋರಿಸಿದ್ದನ್ನು ಇಲಿಗೆ ಇಳಿಸಿದ ಕ್ಲಿಪ್ ಮಾಡೆಲ್‌ಗಳಿವೆ. ಕಿಡ್ನಿಯ ರಕ್ತನಾಳದ ಮೇಲೆ 0.2 ಮಿಲಿಮೀಟರ್ ಸಂದಿನ ಬೆಳ್ಳಿ ಕ್ಲಿಪ್ ಕೂರಿಸುತ್ತಾರೆ. ಇಲ್ಲಿ ಒಂದು ಸೊಗಸಾದ ಪಾಠ ಇದೆ. ಒಂದು ಕಡೆ ಕ್ಲಿಪ್ ಹಾಕಿ ಇನ್ನೊಂದು ಕಿಡ್ನಿಯನ್ನು ಹಾಗೇ ಬಿಟ್ಟರೆ ರೆನಿನ್ ಏರುತ್ತದೆ, ಆಂಜಿಯೋಟೆನ್ಸಿನ್ ತಡೆದರೆ ಬಿಪಿ ಇಳಿಯುತ್ತದೆ. ಒಂದು ಕಡೆ ಕ್ಲಿಪ್ ಹಾಕಿ ಇನ್ನೊಂದು ಕಿಡ್ನಿಯನ್ನು ತೆಗೆದೇಬಿಟ್ಟರೆ ಉಪ್ಪು ಹೊರಹಾಕಲು ಚೆನ್ನಾಗಿರುವ ಕಿಡ್ನಿ ಉಳಿಯುವುದಿಲ್ಲ. ಉಪ್ಪು, ನೀರು ಮೈಯಲ್ಲೇ ನಿಲ್ಲುತ್ತವೆ. ರೆನಿನ್ ಮಾಮೂಲಿಗೆ ಮರಳುತ್ತದೆ, ಬಿಪಿ ಮಾತ್ರ ಮೇಲೇ ಇರುತ್ತದೆ. ಈಗ ಆಂಜಿಯೋಟೆನ್ಸಿನ್ ತಡೆದರೆ ಹೆಚ್ಚೇನೂ ಆಗುವುದಿಲ್ಲ. ಆದರೆ ಅದೇ ಇಲಿಯ ಉಪ್ಪನ್ನು ಖಾಲಿ ಮಾಡಿಸಿ ಆಮೇಲೆ ತಡೆಯಿರಿ, ಬಿಪಿ ಇಳಿಯುತ್ತದೆ! 1970ರ ದಶಕದ ಈ ಪ್ರಯೋಗಗಳನ್ನು ನಾನು ಪ್ರತಿ ಹೊಸ ಬ್ಯಾಚಿಗೂ ಬೋರ್ಡಿನ ಮೇಲೆ ಬಿಡಿಸಿ ಹೇಳುತ್ತೇನೆ. ಕ್ಲಿಪ್ ಅದೇ, ಇಲಿಯೂ ಅದೇ ಜಾತಿ. ಒಂದು ಕಿಡ್ನಿ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಉತ್ತರವೇ ತಿರುಗಿಬಿಡುತ್ತದೆ.

ಆಂಜಿಯೋಟೆನ್ಸಿನ್ ನೇರವಾಗಿ ಕೊಡುವುದಾದರೆ ಚರ್ಮದ ಕೆಳಗೆ ಇಡುವ ಚಿಕ್ಕ ಆಸ್ಮಾಟಿಕ್ ಪಂಪ್ ಬಳಸುತ್ತಾರೆ. ಎರಡು ವಾರ, ನಾಲ್ಕು ವಾರ ತಾನೇ ತಾನಾಗಿ ಔಷಧಿ ಬಿಡುತ್ತಿರುತ್ತದೆ. ಇದರಲ್ಲಿ ಗಮನಿಸಬೇಕಾದ್ದು ಕಡಿಮೆ ಡೋಸಿನ ಆಟ. ಮೊದಲ ದಿನ ಬಿಪಿ ಮೇಲೆ ಏನೂ ಪರಿಣಾಮ ಮಾಡದ ಡೋಸ್ ಕೂಡ ದಿನ ಕಳೆದಂತೆ ನಿಧಾನವಾಗಿ ಒತ್ತಡ ಏರಿಸುತ್ತದೆ. ಹಾಗಾಗಿ ಮೊದಲ ದಿನದ ಅಳತೆ ನೋಡಿ ಪಂಪ್ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ.

ಹುಟ್ಟಿನಿಂದಲೇ ಬಿಪಿ ಬರುವ ತಳಿಗಳೂ ಇವೆ. 1963ರಲ್ಲಿ ಕ್ಯೋಟೋದ ಒಕಾಮೊಟೊ ಮತ್ತು ಆವೊಕಿ ಪ್ರಕಟಿಸಿದ ಎಸ್‌ಎಚ್‌ಆರ್ ಇಲಿ ಎಲ್ಲರಿಗೂ ಗೊತ್ತು. ಹೋಲಿಕೆಗೆ ಅದರ ಜೋಡಿಯಾಗಿ ಬಳಸುವ, ಮಾಮೂಲಿ ಬಿಪಿಯ ಡಬ್ಲ್ಯುಕೆವೈ ಇಲಿ ಎಲ್ಲ ಕಡೆಯೂ ಒಂದೇ ಥರ ಇಲ್ಲ ಅನ್ನುವುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ತಳಿ ಪೂರ್ತಿ ಶುದ್ಧವಾಗುವ ಮೊದಲೇ ಅದನ್ನು ಬೇರೆ ಬೇರೆ ಕಡೆಗೆ ಹಂಚಿದ್ದರು. ಆದ್ದರಿಂದ ಎಸ್‌ಎಚ್‌ಆರ್‌ನಲ್ಲಿ ಒಂದು ಹಾರ್ಮೋನ್ ಜಾಸ್ತಿ ಕಂಡರೆ ಅದು ಬಿಪಿಯ ಕಾರಣ ಇರಬಹುದು, ಎರಡು ತಳಿಗಳ ನಡುವಿನ ಬರೀ ವ್ಯತ್ಯಾಸವೂ ಇರಬಹುದು. ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಲೂಯಿಸ್ ಡಾಲ್ 1960ರ ದಶಕದಲ್ಲಿ ಅಮೆರಿಕದ ಬ್ರೂಕ್‌ಹೇವನ್ ಲ್ಯಾಬಿನಲ್ಲಿ ಬೆಳೆಸಿದ ಇಲಿಗಳು. ಒಂದು ತಳಿ ಉಪ್ಪಿಗೆ ಬಿಪಿ ಏರಿಸಿಕೊಳ್ಳುತ್ತದೆ, ಇನ್ನೊಂದು ಏರಿಸಿಕೊಳ್ಳುವುದಿಲ್ಲ. ಆಹಾರದಲ್ಲಿ 8% ಉಪ್ಪು ಹಾಕಿದರೆ ಮೊದಲನೆಯ ತಳಿಯ ಪಾಡು ನೋಡಲಾಗುವುದಿಲ್ಲ.

ಅಳತೆ: ಇಲಿ ಹೆದರಿದರೆ ಅಂಕಿ ಸುಳ್ಳು

ಬಾಲಕ್ಕೆ ಪಟ್ಟಿ ಸುತ್ತಿ ಬಿಪಿ ನೋಡುವುದು, ಅಂದರೆ ಟೇಲ್ ಕಫ್, ಎಲ್ಲ ಲ್ಯಾಬಿನಲ್ಲೂ ಇದೆ. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ಆದರೆ ಇಲಿಯನ್ನು ಕೊಳವೆಯಲ್ಲಿ ಕೂಡಿಹಾಕಬೇಕು, ಬಾಲವನ್ನು ಬೆಚ್ಚಗೆ ಮಾಡಬೇಕು. ಎರಡೂ ಇಲಿಗೆ ಗಾಬರಿ ತರುವ ಕೆಲಸಗಳೇ. ಗಾಬರಿಯಾದರೆ ಅಡ್ರಿನಲಿನ್ ಏರುತ್ತದೆ, ಅಡ್ರಿನಲ್ ಬಿಡುವ ಇನ್ನೊಂದು ಹಾರ್ಮೋನ್ ಕಾರ್ಟಿಕೋಸ್ಟಿರೋನ್ ಏರುತ್ತದೆ, ರೆನಿನ್ ಕೂಡ ಏರುತ್ತದೆ. ನಾವು ಯಾವ ಹಾರ್ಮೋನುಗಳ ಕಥೆ ಹುಡುಕುತ್ತಿದ್ದೇವೋ ಅವನ್ನೇ ನಮ್ಮ ಕೈಯಾರೆ ಏರಿಸಿಕೊಂಡು ಕೂತಿರುತ್ತೇವೆ.

ನಾನು ಕಲಿಸುವ ಕ್ರಮ ಹೀಗಿದೆ. ನಿಜವಾದ ಅಳತೆಗೆ ಒಂದು ವಾರ ಮೊದಲೇ ಅಭ್ಯಾಸ ಶುರು ಮಾಡಿ. ಮೊದಲ ದಿನ ಇಲಿಯನ್ನು ಕೊಳವೆಯ ಹತ್ತಿರ ಬಿಟ್ಟು ಮೂಸಲು ಬಿಡಿ, ಅಷ್ಟೇ. ಮರುದಿನ ಒಳಗೆ ಸ್ವಲ್ಪ ಹೊತ್ತು. ಆಮೇಲೆ ಪಟ್ಟಿ ಹಾಕಿ ಗಾಳಿ ತುಂಬದೆ. ಆಮೇಲೆ ಗಾಳಿ ತುಂಬಿ. ದಿನಾ ಒಂದೇ ಹೊತ್ತು, ಒಂದೇ ಕೋಣೆ, ಒಬ್ಬರೇ ಮನುಷ್ಯರು. ಸೆಂಟ್ ಹಾಕಿಕೊಂಡು ಬರಬೇಡಿ. ಕೋಣೆಯಲ್ಲಿ ಫೋನ್ ಬೇಡ, ಮಾತೂ ಬೇಡ. ಗಂಡು ಇಲಿಗಳನ್ನು ನೋಡಿದ ಮೇಲೆ ಅದೇ ಕೊಳವೆಯಲ್ಲಿ ಹೆಣ್ಣು ಇಲಿ ಹಾಕಬೇಕಾದರೆ ಚೆನ್ನಾಗಿ ತೊಳೆದು ಒರೆಸಿ.

ಈಗ ಅಳೆಯುವ ಹೊತ್ತು. ಮಾನಿಟರ್ ನೋಡುವ ಮೊದಲು ಇಲಿಯನ್ನು ನೋಡಿ. ಮೀಸೆ ಮುಂದಕ್ಕೆ ಚಾಚಿ ಅಲ್ಲಾಡುತ್ತಿದ್ದರೆ ಅದಕ್ಕೆ ಕುತೂಹಲ ಇದೆ, ಪರವಾಗಿಲ್ಲ. ಮೈ ಬಿಗಿದು ಹಿಂದಕ್ಕೆ ತಳ್ಳುತ್ತಿದ್ದರೆ ನಿಲ್ಲಿಸಿ. ಕಣ್ಣಿನ ಮೂಲೆಯಲ್ಲೋ ಮೂಗಿನ ಸುತ್ತಲೋ ಕೆಂಪು ಕಲೆ ಕಂಡರೆ ಹೊಸಬರು ರಕ್ತ ಅಂದುಕೊಳ್ಳುತ್ತಾರೆ. ಅದು ರಕ್ತ ಅಲ್ಲ, ಕಣ್ಣಿನ ಹಿಂದಿರುವ ಗ್ರಂಥಿಯಿಂದ ಬರುವ ಪಾರ್ಫೈರಿನ್. ಇಲಿ ಗಾಬರಿಯಲ್ಲಿದೆ ಅಥವಾ ಹುಷಾರಿಲ್ಲ ಅನ್ನುವ ಗುರುತು. ಆ ದಿನ ಆ ಇಲಿಯನ್ನು ಗೂಡಿಗೆ ವಾಪಸ್ ಬಿಡಿ. ಬಾಲವನ್ನು ಬೆರಳಲ್ಲಿ ಹಿಡಿದು ನೋಡಿ. ತಣ್ಣಗಿದ್ದರೆ ಸಿಗ್ನಲ್ ಸಿಗುವುದಿಲ್ಲ. ಹಾಗಂತ ಬಿಸಿ ಏರಿಸುತ್ತಾ ಹೋಗಬೇಡಿ. ಇಲಿ ಮೈಯ ಶಾಖ ಬಿಡುವುದೇ ಬಾಲದಿಂದ. ಜಾಸ್ತಿ ಬಿಸಿಯಾದರೆ ಉಸಿರು ಜೋರಾಗುತ್ತದೆ, ಎದೆಬಡಿತ ಏರುತ್ತದೆ.

ಪಟ್ಟಿಯಲ್ಲಿ ಗಾಳಿ ತುಂಬಿದಾಗ ನಾಡಿಯ ಗೆರೆ ಸಪಾಟಾಗುತ್ತದೆ. ಗಾಳಿ ಇಳಿಯುತ್ತಾ ಮೊದಲ ಸಣ್ಣ ಅಲೆ ಎಲ್ಲಿ ಏಳುತ್ತದೋ ಅದೇ ಸಿಸ್ಟಾಲಿಕ್, ಅಂದರೆ ಬಿಪಿಯ ಮೇಲಿನ ಅಂಕಿ. ಮಾಮೂಲಿ ಇಲಿಯಲ್ಲಿ ಇದು 120ರ ಆಸುಪಾಸು, ಎದೆಬಡಿತ ನಿಮಿಷಕ್ಕೆ 300ರಿಂದ 400. ಒಂದೇ ಅಂಕಿ ನಂಬಬೇಡಿ. ಇಲಿ ಅಲ್ಲಾಡಿದ್ದನ್ನು ಬಿಟ್ಟು ಹಲವು ಅಳತೆಗಳ ಸರಾಸರಿ ತೆಗೆಯಿರಿ. ಯಾವುದನ್ನು ಬಿಡಬೇಕು ಅನ್ನುವ ನಿಯಮ ಮೊದಲೇ ಬರೆದಿಟ್ಟಿರಿ. ಮತ್ತೆ, ಯಾವ ಇಲಿಗೆ ಹಾರ್ಮೋನ್ ಕೊಟ್ಟಿದೆ ಅಂತ ಅಳೆಯುವವರಿಗೆ ಗೊತ್ತಿರಬಾರದು. ಇದು ಬಹಳ ಮುಖ್ಯ. ಡೋಕಾ ಇಲಿ ಅಂತ ಗೊತ್ತಿದ್ದರೆ ಕೈ ತಾನಾಗಿಯೇ ದೊಡ್ಡ ಅಂಕಿ ಬರುವವರೆಗೆ ಇನ್ನೊಂದು ಸಲ ನೋಡುತ್ತದೆ.

ದುಡ್ಡು, ಪರಿಣತಿ ಎರಡೂ ಇದ್ದರೆ ಟೆಲಿಮೆಟ್ರಿಯೇ ಒಳ್ಳೆಯದು. ಹೊಟ್ಟೆಯ ಮಹಾಧಮನಿಯಲ್ಲಿ ತೆಳು ಕೊಳವೆ ಇಟ್ಟು ಒಳಗೆ ಚಿಕ್ಕ ಟ್ರಾನ್ಸ್‌ಮಿಟರ್ ಕೂರಿಸುತ್ತಾರೆ. ಗಾಯ ಮಾಯಲು ಒಂದು ವಾರದಿಂದ ಹತ್ತು ದಿನ ಬಿಡಬೇಕು. ಆಮೇಲೆ ಇಲಿ ತನ್ನ ಪಾಡಿಗೆ ಗೂಡಿನಲ್ಲಿ ಓಡಾಡಿಕೊಂಡಿರುತ್ತದೆ, ಬಿಪಿ ಹಗಲು ರಾತ್ರಿ ದಾಖಲಾಗುತ್ತದೆ. ಇಲಿ ರಾತ್ರಿ ಎಚ್ಚರವಿರುವ ಪ್ರಾಣಿ. ಅದರ ಬಿಪಿ ರಾತ್ರಿಯೇ ಜಾಸ್ತಿ. ನಾವು ಹಗಲು ಹನ್ನೊಂದಕ್ಕೆ ಟೇಲ್ ಕಫ್ ಹಾಕಿದರೆ ಅದರ ನಿದ್ದೆಯ ಹೊತ್ತಿನಲ್ಲಿ ಎಬ್ಬಿಸಿ ನೋಡಿದ ಹಾಗಾಯಿತು, ಅಲ್ವಾ? ಗುಂಪುಗಳ ನಡುವೆ ವ್ಯತ್ಯಾಸ ದೊಡ್ಡದಿದ್ದರೆ ಟೇಲ್ ಕಫ್ ಸಾಕು. ಸಣ್ಣ ವ್ಯತ್ಯಾಸ, ಹಗಲು ರಾತ್ರಿಯ ಏರಿಳಿತ, ಕೆಳಗಿನ ಅಂಕಿಯಾದ ಡಯಾಸ್ಟಾಲಿಕ್ ಬೇಕಿದ್ದರೆ ಅದನ್ನು ನೆಚ್ಚಬೇಡಿ. ಅರಿವಳಿಕೆ ಕೊಟ್ಟು ಅಳೆಯುವುದಂತೂ ಕೊನೆಯ ದಾರಿ. ಐಸೋಫ್ಲೂರೇನ್ ತಾನೇ ಬಿಪಿ ಇಳಿಸುತ್ತದೆ.

ರಕ್ತ, ಮೂತ್ರ ತೆಗೆಯುವಾಗ

ಮೊದಲಿಗೆ ಸರಿಯಾದ ಹಾರ್ಮೋನನ್ನೇ ಅಳೆಯಿರಿ. ಮನುಷ್ಯರಲ್ಲಿ, ನಾಯಿಗಳಲ್ಲಿ ಕಾರ್ಟಿಸಾಲ್ ಮುಖ್ಯ. ಇಲಿಯ ಅಡ್ರಿನಲ್ ಮಾಡುವುದು ಕಾರ್ಟಿಕೋಸ್ಟಿರೋನ್. ಇಲಿ ರಕ್ತಕ್ಕೆ ಕಾರ್ಟಿಸಾಲ್ ಕಿಟ್ ಹಾಕಿ ಏನೋ ಒಂದು ಅಂಕಿ ಪಡೆದ ವರದಿ ಕಂಡರೆ ಅಲ್ಲಿಗೇ ಓದು ನಿಲ್ಲಿಸಬಹುದು. ಈ ಹಾರ್ಮೋನ್ ಇಲಿಯಲ್ಲಿ ಕತ್ತಲಾಗುವ ಹೊತ್ತಿಗೆ ಅತಿ ಹೆಚ್ಚು ಇರುತ್ತದೆ. ಹಾಗಾಗಿ ಎಲ್ಲ ಇಲಿಗಳ ರಕ್ತವನ್ನೂ ಒಂದೇ ಹೊತ್ತಿಗೆ, ಗೂಡು ಮುಟ್ಟಿದ ಕೆಲವೇ ನಿಮಿಷದೊಳಗೆ ತೆಗೆಯಬೇಕು. ಒಂದು ಗುಂಪು ಬೆಳಿಗ್ಗೆ, ಇನ್ನೊಂದು ಮಧ್ಯಾಹ್ನ ಮಾಡಿದರೆ ಸಿಗುವುದು ಗಡಿಯಾರದ ವ್ಯತ್ಯಾಸ.

ಆಂಜಿಯೋಟೆನ್ಸಿನ್ 2, ಅಂದರೆ ಒತ್ತಡ ಏರಿಸುವ ಅದರ ಅಸಲಿ ರೂಪ, ರಕ್ತದಲ್ಲಿ ಒಂದು ನಿಮಿಷವೂ ಬಾಳುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಜೊತೆಗೆ ಆಂಜಿಯೋಟೆನ್ಸಿನನ್ನು ಒಡೆಯುವ ಎಂಜೈಮುಗಳನ್ನು ತಡೆಯುವ ಮಿಶ್ರಣವೂ ಟ್ಯೂಬಿನಲ್ಲಿ ಮೊದಲೇ ಇರಬೇಕು, ರಕ್ತ ತಕ್ಷಣ ಐಸಿಗೆ ಹೋಗಬೇಕು. ಅಲ್ಡೋಸ್ಟಿರೋನಿಗೆ ನಾನು ರಕ್ತಕ್ಕಿಂತ 24 ಗಂಟೆಯ ಮೂತ್ರವನ್ನೇ ಹೆಚ್ಚು ನಂಬುತ್ತೇನೆ. ಮೆಟಬಾಲಿಕ್ ಪಂಜರದಲ್ಲಿ ಒಂದೆರಡು ದಿನ ಅಭ್ಯಾಸ ಮಾಡಿಸಿ ಆಮೇಲೆ ಸಂಗ್ರಹಿಸಿ. ಅದೇ ಮೂತ್ರದಲ್ಲಿ ಸೋಡಿಯಂ, ಪೊಟ್ಯಾಸಿಯಂ ನೋಡಿದರೆ ಕಿಡ್ನಿ ಉಪ್ಪಿಗೆ ಏನು ಮಾಡುತ್ತಿದೆ ಅನ್ನುವುದೂ ಸಿಗುತ್ತದೆ. ನೀರಿನ ಬಾಟಲಿಯನ್ನು ದಿನಾ ತೂಕ ಹಾಕಿ. ಡೋಕಾ ಇಲಿಗಳು ಉಪ್ಪುನೀರನ್ನು ವಿಪರೀತ ಕುಡಿಯುತ್ತವೆ. ಹಾರ್ಮೋನ್ ಕೊಡದ ಕಂಟ್ರೋಲ್ ಇಲಿ ಎಷ್ಟು ಉಪ್ಪು ತೆಗೆದುಕೊಂಡಿತು ಅನ್ನುವ ಲೆಕ್ಕ ಇಲ್ಲದೆ ಹೋಲಿಕೆ ನಿಲ್ಲುವುದಿಲ್ಲ.

ಹಾರ್ಮೋನಿನ ಮಟ್ಟ ಕಡಿಮೆ ಇದೆ ಅಂದಮಾತ್ರಕ್ಕೆ ಆ ದಾರಿ ಮುಚ್ಚಿದೆ ಅಂತಲೂ ಅಲ್ಲ. ಕಿಡ್ನಿಯಲ್ಲಿ ಅಲ್ಡೋಸ್ಟಿರೋನ್ ಕೂರುವ ರಿಸೆಪ್ಟರಿನಲ್ಲಿ ಕಾರ್ಟಿಕೋಸ್ಟಿರೋನ್ ಕೂಡ ಅಷ್ಟೇ ಸಲೀಸಾಗಿ ಕೂರಬಲ್ಲದು. ರಕ್ತದಲ್ಲಿ ಕಾರ್ಟಿಕೋಸ್ಟಿರೋನ್ ಅಲ್ಡೋಸ್ಟಿರೋನಿಗಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಿದ್ದೂ ಯಾಕೆ ಕೂರುವುದಿಲ್ಲ? 11 ಬೀಟಾ ಎಚ್‌ಎಸ್‌ಡಿ 2 ಅನ್ನುವ ಎಂಜೈಮ್ ಆ ಜೀವಕೋಶಗಳಲ್ಲೇ ಇದ್ದು ಕಾರ್ಟಿಕೋಸ್ಟಿರೋನನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಜ್ಯೇಷ್ಠಮಧುವಿನ ಸತ್ವ ಈ ಎಂಜೈಮನ್ನು ತಡೆಯುತ್ತದೆ. ಅದನ್ನು ಅತಿಯಾಗಿ ತಿಂದವರ ಬಿಪಿ ಏರುವುದು, ಪೊಟ್ಯಾಸಿಯಂ ಇಳಿಯುವುದು ಹೀಗೆ. 1999ರಲ್ಲಿ ಈ ಎಂಜೈಮಿನ ಜೀನ್ ತೆಗೆದ ಮೌಸ್‌ಗಳ ವರದಿ ಬಂತು. ಅವುಗಳಲ್ಲೂ ಬಿಪಿ ಜಾಸ್ತಿ, ಪೊಟ್ಯಾಸಿಯಂ ಕಡಿಮೆ. ಇಂಥ ಪ್ರಾಣಿಯಲ್ಲಿ ರೆನಿನ್ ನೋಡಿದರೆ ಕಡಿಮೆ, ಅಲ್ಡೋಸ್ಟಿರೋನ್ ನೋಡಿದರೂ ಕಡಿಮೆ. ಮಟ್ಟ ಮಾತ್ರ ನೋಡುವವರು ಹಾರ್ಮೋನ್ ಕಾರಣವಲ್ಲ ಅಂದುಬಿಡುತ್ತಾರೆ. ಸ್ಪೈರೊನೊಲ್ಯಾಕ್ಟೋನ್ ಕೊಟ್ಟು ಆ ರಿಸೆಪ್ಟರನ್ನು ತಡೆದು ನೋಡಿದವರಿಗೆ ನಿಜ ಸಿಗುತ್ತದೆ.

ತೆಗೆದು ನೋಡಿ, ಮತ್ತೆ ಕೊಟ್ಟು ನೋಡಿ

ಇದೇ ನನ್ನ ಇಡೀ ಕ್ರಮದ ಬೆನ್ನೆಲುಬು. ಗ್ರಂಥಿ ತೆಗೆಯಬಹುದು, ರಿಸೆಪ್ಟರ್ ತಡೆಯಬಹುದು, ಜೀನ್ ಇಲ್ಲದ ಪ್ರಾಣಿ ಬಳಸಬಹುದು. ತೆಗೆದಾಗ ಬಿಪಿ ಇಳಿಯಬೇಕು, ಅದೇ ಹಾರ್ಮೋನನ್ನು ಮಾಮೂಲಿ ಮಟ್ಟಕ್ಕೆ ವಾಪಸ್ ಕೊಟ್ಟಾಗ ಮತ್ತೆ ಏರಬೇಕು. ಎರಡೂ ಆದರೆ ಮಾತ್ರ ಕಾರಣ ಅನ್ನಿ. ಅಡ್ರಿನಲ್ ಎರಡೂ ತೆಗೆದ ಇಲಿಯ ಬಿಪಿ ಇಳಿಯಿತು ಅಂತ ಖುಷಿಪಡಬೇಡಿ. ಅಡ್ರಿನಲ್ ಇಲ್ಲದ ಇಲಿಗೆ ಉಪ್ಪುನೀರು ಕೊಡದಿದ್ದರೆ ಬದುಕುವುದೇ ಕಷ್ಟ. ಹಾಸಿಗೆ ಹಿಡಿದ ಪ್ರಾಣಿಯ ಬಿಪಿ ಇಳಿದರೆ ಅದರಲ್ಲಿ ಕಲಿಯುವುದೇನಿದೆ?

ಮೈಯಲ್ಲಿ ನೀರು ಉಳಿಸುವ ಹಾರ್ಮೋನ್ ವಾಸೊಪ್ರೆಸಿನ್ ವಿಷಯದಲ್ಲಿ ಇದನ್ನು ಚೆನ್ನಾಗಿ ಮಾಡಿದ್ದಾರೆ. ಬ್ರಾಟಲ್‌ಬರೋ ಇಲಿಗೆ ಹುಟ್ಟಿನಿಂದಲೇ ವಾಸೊಪ್ರೆಸಿನ್ ಇಲ್ಲ. ಅದಕ್ಕೆ ಡೋಕಾ, ಉಪ್ಪು ಎಲ್ಲ ಕೊಟ್ಟರೂ ಬಿಪಿ ಸರಿಯಾಗಿ ಏರಲಿಲ್ಲ. ಡೋಕಾದ ಹಿಂದೆ ಇನ್ನೊಂದು ಹಾರ್ಮೋನ್ ನಿಂತಿದೆ ಅನ್ನುವುದು ತಿಳಿದದ್ದು ಹಾಗೆ.

ಔಷಧಿಯಿಂದ ತಡೆಯುವಾಗ ಒಂದೇ ಔಷಧಿ ನೆಚ್ಚಬೇಡಿ. ಬ್ರೆಜಿಲ್‌ನ ಜರರಾಕಾ ಹಾವಿನ ವಿಷದ ಮೇಲೆ ಸರ್ಜಿಯೊ ಫೆರೇರಾ 1965ರಲ್ಲಿ ಪ್ರಕಟಿಸಿದ ಕೆಲಸ ಮುಂದೆ ಕ್ಯಾಪ್ಟೊಪ್ರಿಲ್ ಅನ್ನುವ ಬಿಪಿ ಔಷಧಿ ಬರಲು ದಾರಿ ಮಾಡಿತು. ಆದರೆ ಕ್ಯಾಪ್ಟೊಪ್ರಿಲ್ ಆಂಜಿಯೋಟೆನ್ಸಿನ್ 2 ಆಗುವುದನ್ನು ತಡೆಯುವುದರ ಜೊತೆಗೆ ಬ್ರಾಡಿಕೈನಿನ್ ಒಡೆಯುವುದನ್ನೂ ತಡೆಯುತ್ತದೆ. ಬ್ರಾಡಿಕೈನಿನ್ ತಾನೇ ರಕ್ತನಾಳ ಸಡಿಲಿಸುತ್ತದೆ. ಆದ್ದರಿಂದ ಆಂಜಿಯೋಟೆನ್ಸಿನ್ ರಿಸೆಪ್ಟರನ್ನೇ ತಡೆಯುವ ಲೊಸಾರ್ಟನ್ ಕೊಟ್ಟ ಇನ್ನೊಂದು ಗುಂಪೂ ಇರಲಿ. ಹೃದಯ, ಕಿಡ್ನಿಗೆ ಆದ ಹಾನಿಗೆ ಹಾರ್ಮೋನ್ ಕಾರಣವೋ ಬರೀ ಒತ್ತಡ ಕಾರಣವೋ ತಿಳಿಯಬೇಕಾದರೆ ಹೈಡ್ರಲಜಿನ್ ಕೊಟ್ಟು ಬಿಪಿಯನ್ನಷ್ಟೇ ಇಳಿಸಿದ ಗುಂಪೂ ಬೇಕು.

ಕಿಡ್ನಿಯ ಪಾತ್ರ ಎಷ್ಟು ಅನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ಅಂದದ ಪ್ರಯೋಗ 2006ರದ್ದು. ಆಂಜಿಯೋಟೆನ್ಸಿನ್ ರಿಸೆಪ್ಟರ್ ಇರುವ ಮತ್ತು ಇಲ್ಲದ ಮೌಸ್‌ಗಳ ನಡುವೆ ಕಿಡ್ನಿ ಅದಲುಬದಲು ಮಾಡಿದರು. ಮೈಯೆಲ್ಲ ರಿಸೆಪ್ಟರ್ ಇದ್ದು ಕಿಡ್ನಿಯಲ್ಲಿ ಮಾತ್ರ ಇಲ್ಲದಿದ್ದರೆ, ಪಂಪ್‌ನಲ್ಲಿ ಆಂಜಿಯೋಟೆನ್ಸಿನ್ ಕೊಟ್ಟರೂ ಬಿಪಿ ಏರಿ ನಿಲ್ಲಲಿಲ್ಲ. ಕಿಡ್ನಿಯಲ್ಲಿ ಮಾತ್ರ ಇದ್ದರೆ ಸಾಕು, ಏರಿ ನಿಂತಿತು.

ಜಾತಿ, ತಳಿ, ಲಿಂಗ

ರೆನಿನ್ ಆಂಜಿಯೋಟೆನ್ಸಿನ್ ಹುಟ್ಟಿಸುವುದು ಆಂಜಿಯೋಟೆನ್ಸಿನೋಜನ್ ಅನ್ನುವ ಪ್ರೋಟೀನಿನಿಂದ. ಮನುಷ್ಯನ ರೆನಿನ್ ಇಲಿಯ ಆಂಜಿಯೋಟೆನ್ಸಿನೋಜನ್ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಮನುಷ್ಯನ ರೆನಿನ್ ಜೀನ್ ಒಂದನ್ನೇ ಇಲಿಗೆ ಸೇರಿಸಿದರೆ ಬಿಪಿ ಏರುವುದಿಲ್ಲ. ಮನುಷ್ಯನ ರೆನಿನ್, ಆಂಜಿಯೋಟೆನ್ಸಿನೋಜನ್ ಎರಡರ ಜೀನನ್ನೂ ಸೇರಿಸಿದ ಇಲಿಯಲ್ಲಿ ಏರುತ್ತದೆ. ಮನುಷ್ಯರ ರೆನಿನ್ ತಡೆಯಲು ಮಾಡಿದ ಔಷಧಿಯನ್ನು ಮಾಮೂಲಿ ಇಲಿಗೆ ಕೊಟ್ಟು ಕೈಬಿಡುವವರು ಇದನ್ನು ನೆನಪಿಡಬೇಕು. ಮೌಸ್‌ಗಳಲ್ಲಿ ಕೆಲವು ತಳಿಗೆ ಒಂದು ರೆನಿನ್ ಜೀನ್, ಕೆಲವಕ್ಕೆ ಎರಡು. ಸಿ57 ತಳಿಗೆ ಒಂದು, 129 ತಳಿಗೆ ಎರಡು. ಡೋಕಾ-ಉಪ್ಪಿಗೆ 129 ತಳಿ ಚೆನ್ನಾಗಿ ಸ್ಪಂದಿಸುತ್ತದೆ, ಸಿ57 ಅಷ್ಟಾಗಿ ಇಲ್ಲ. ಜೀನ್ ತೆಗೆದ ಮೌಸ್ ಎರಡರ ಮಿಶ್ರಣವಾಗಿದ್ದರೆ ಯಾವ ವ್ಯತ್ಯಾಸ ಎಲ್ಲಿಂದ ಬಂತು ಹೇಳುವುದು ಹೇಗೆ? ಒಂದೇ ತಾಯಿಯ ಮರಿಗಳನ್ನೇ ಕಂಟ್ರೋಲ್ ಮಾಡಿ.

ಗಂಡು ಇಲಿ ಮಾತ್ರ ಬಳಸುವ ಅಭ್ಯಾಸ ಬಿಡಿ. ಎಸ್‌ಎಚ್‌ಆರ್‌ನಲ್ಲಿ ಹೆಣ್ಣಿನ ಬಿಪಿ ಗಂಡಿನಷ್ಟು ಏರುವುದಿಲ್ಲ. ಲೈಂಗಿಕ ಹಾರ್ಮೋನುಗಳೂ ಈ ಕಥೆಯ ಪಾತ್ರಗಳೇ.

ಮನೆಯ ಬೆಕ್ಕು, ನಾಯಿ

ಲ್ಯಾಬಿನಲ್ಲಿ ನಾವು ಕಷ್ಟಪಟ್ಟು ಮಾಡುವುದು ಸಾಕುಪ್ರಾಣಿಗಳಲ್ಲಿ ತಾನಾಗಿಯೇ ಬರುತ್ತದೆ. ವಯಸ್ಸಾದ ಬೆಕ್ಕಿಗೆ ಥೈರಾಯ್ಡ್ ಜಾಸ್ತಿಯಾಗುತ್ತದೆ, ಕೆಲವಕ್ಕೆ ಅಡ್ರಿನಲ್ ಗಡ್ಡೆಯಿಂದ ಅಲ್ಡೋಸ್ಟಿರೋನ್ ಏರುತ್ತದೆ. ನಾಯಿಗಳಿಗೆ ಕಾರ್ಟಿಸಾಲ್ ಜಾಸ್ತಿಯಾಗುವ ಕುಶಿಂಗ್ ಕಾಯಿಲೆ, ಅಪರೂಪಕ್ಕೆ ಫಿಯೋಕ್ರೊಮೊಸೈಟೋಮ, ಅಂದರೆ ಅಡ್ರಿನಲಿನ್ ತರಹದ ಹಾರ್ಮೋನ್ ಸುರಿಸುವ ಗಡ್ಡೆ. ಇವುಗಳ ಬಿಪಿ ನೋಡಲು ಅಮೆರಿಕದ ಪಶುವೈದ್ಯಕೀಯ ಆಂತರಿಕ ಔಷಧ ತಜ್ಞರ ಸಂಘ 2018ರಲ್ಲಿ ಕೊಟ್ಟ ಸೂಚನೆ ಒಳ್ಳೆಯದು. ಪಟ್ಟಿಯ ಅಗಲ ಕಾಲಿನ ಅಥವಾ ಬಾಲದ ಸುತ್ತಳತೆಯ 30ರಿಂದ 40% ಇರಬೇಕು. ಮೊದಲ ಅಳತೆ ಬಿಟ್ಟು ಐದರಿಂದ ಏಳು ಅಳತೆಗಳ ಸರಾಸರಿ ತೆಗೆಯಬೇಕು. ಸಿಸ್ಟಾಲಿಕ್ 160 ಮುಟ್ಟಿದರೆ ಬಿಪಿ ಇದೆ, 180 ಮುಟ್ಟಿದರೆ ತೀವ್ರ. ನಿಮ್ಮ ಬೆಕ್ಕು ಇದ್ದಕ್ಕಿದ್ದಂತೆ ಗೋಡೆಗೆ ಡಿಕ್ಕಿ ಹೊಡೆಯತೊಡಗಿದರೆ, ಕಣ್ಣಿನ ಪಾಪೆ ದೊಡ್ಡದಾಗಿಯೇ ಇದ್ದರೆ, ಅದೇ ದಿನ ವೈದ್ಯರಿಗೆ ತೋರಿಸಿ. ಬಿಪಿಯಿಂದ ಅಕ್ಷಿಪಟಲ ಕಳಚಿರಬಹುದು.

ಪ್ರಾಣಿಯ ಪಾಡು, ಕೊನೆಯ ತೂಕ

ನೀತಿ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಇಲಿಯನ್ನೂ ಮುಟ್ಟಬೇಡಿ. ರಸೆಲ್ ಮತ್ತು ಬರ್ಚ್ 1959ರಲ್ಲಿ ಹೇಳಿದ ಮೂರು ಮಾತು ಇವತ್ತಿಗೂ ಸರಿ: ಪ್ರಾಣಿಯ ಬದಲು ಬೇರೆ ದಾರಿ ಇದ್ದರೆ ಅದನ್ನು ಹಿಡಿಯಿರಿ, ಇಲ್ಲದಿದ್ದರೆ ಎಷ್ಟು ಕಡಿಮೆ ಸಾಧ್ಯವೋ ಅಷ್ಟೇ ಬಳಸಿ, ಬಳಸುವಾಗ ನೋವು ತಗ್ಗಿಸಿ. ಡೋಕಾ ಇಲಿ, ಹೆಚ್ಚು ಉಪ್ಪು ತಿಂದ ಡಾಲ್ ಇಲಿ, ಎರಡಕ್ಕೂ ಕೊನೆಕೊನೆಗೆ ಪಾರ್ಶ್ವವಾಯು ಆಗಬಹುದು, ತೂಕ ಬೇಗ ಇಳಿಯಬಹುದು. ದಿನಾ ತೂಕ ನೋಡಿ. ಎಷ್ಟು ಇಳಿದರೆ ಪ್ರಯೋಗ ನಿಲ್ಲಿಸಬೇಕು ಅನ್ನುವುದು ಮೊದಲೇ ನಿಗದಿಯಾಗಿರಲಿ. ಆ ದಿನ ಬಂದರೆ ಇನ್ನೊಂದು ಅಳತೆಯ ಆಸೆಗೆ ಕಾಯಬೇಡಿ.

ಪ್ರಯೋಗ ಮುಗಿದ ಮೇಲೆ ಹೃದಯ, ಎರಡೂ ಕಿಡ್ನಿ, ಎರಡೂ ಅಡ್ರಿನಲ್ ತೂಕ ಮಾಡಿ. ಹೃದಯದ ತೂಕವನ್ನು ಮೈತೂಕಕ್ಕೆ ಹೋಲಿಸುವುದಕ್ಕಿಂತ ಮೊಣಕಾಲ ಕೆಳಗಿನ ಮೂಳೆ, ಅಂದರೆ ಟಿಬಿಯಾದ ಉದ್ದಕ್ಕೆ ಹೋಲಿಸುವುದು ಮೇಲು, ಏಕೆಂದರೆ ಕಾಯಿಲೆಯಲ್ಲಿ ಮೈತೂಕ ಇಳಿಯುತ್ತದೆ, ಮೂಳೆ ಇಳಿಯುವುದಿಲ್ಲ. ಅಡ್ರಿನಲ್ ಬಗ್ಗೆ ಅಸಡ್ಡೆ ಬೇಡ. ಅಡ್ರಿನಲ್ ಕೆಲಸವನ್ನು ತಗ್ಗಿಸುವ ಡೆಕ್ಸಾಮೆಥಸೋನ್ ಕೊಟ್ಟ ಇಲಿಯಲ್ಲಿ ಅದು ಕುಗ್ಗಿರಬೇಕು, ಅಡ್ರಿನಲ್‌ಗೆ ಚುರುಕು ಮುಟ್ಟಿಸುವ ಹಾರ್ಮೋನ್ ಎಸಿಟಿಎಚ್ ಕೊಟ್ಟದ್ದರಲ್ಲಿ ಊದಿರಬೇಕು. ಹಾಗಿಲ್ಲದಿದ್ದರೆ ಔಷಧಿ ಮೈ ಸೇರಿದೆಯೇ ಅಂತ ಮೊದಲು ವಿಚಾರಿಸಿ. ಒಂದು ಕಡೆ ಕ್ಲಿಪ್ ಹಾಕಿ ಇನ್ನೊಂದನ್ನು ಬಿಟ್ಟ ಇಲಿಯಲ್ಲಿ ಕ್ಲಿಪ್ ಕಡೆಯ ಕಿಡ್ನಿ ಚಿಕ್ಕದಾಗಿ ಇನ್ನೊಂದು ದಪ್ಪವಾಗಿರಬೇಕು. ಎರಡೂ ಸಮ ಇದ್ದರೆ ಕ್ಲಿಪ್ ಜಾರಿರಬಹುದು. ಪೂರ್ತಿ ಬಿಳಿಚಿ ಸತ್ತಿದ್ದರೆ ಅತಿ ಬಿಗಿಯಾಗಿರಬಹುದು. ಅಂಥ ಇಲಿಗಳನ್ನು ಲೆಕ್ಕಕ್ಕೆ ಸೇರಿಸಬೇಕೇ ಬಿಡಬೇಕೇ ಅನ್ನುವ ನಿಯಮ ಮೊದಲ ಶಸ್ತ್ರಚಿಕಿತ್ಸೆಗೆ ಮುಂಚೆಯೇ ನೋಟ್‌ಬುಕ್‌ನಲ್ಲಿ ಇರಲಿ. ಬಿಟ್ಟ ಇಲಿಗಳೆಷ್ಟು, ಯಾಕೆ ಬಿಟ್ಟಿರಿ ಅನ್ನುವುದನ್ನೂ ವರದಿಯಲ್ಲಿ ಬರೆಯಿರಿ.